ಆಟದ ಪಾರ್ಕಿಗೂ ಹೊಳೆದಂಡೆಗೂ ನಡುವೆ ಒಂದು ರಾತ್ರಿ

ಬಿಡದಿ ಬಳಿಯ ವಂಡರ್‌ಲಾದಲ್ಲಿ ಒಂದು ಹಗಲು, ಕಾವೇರಿ ದಂಡೆಯ ಗಾಳಿಬೋರೆಯ ಡೇರೆಯಲ್ಲಿ ಒಂದು ರಾತ್ರಿ ಎಂದು ನಾನು ಕಾಗದದ ಮೇಲೆ ಬರೆದು ತೋರಿಸಿದಾಗ ಮನೆಯಲ್ಲಿ ಎಲ್ಲರೂ ಒಪ್ಪಿದರು, ಅಮ್ಮ ಒಬ್ಬರನ್ನು ಬಿಟ್ಟು. ಸಂಜೆ ಆರಕ್ಕೆ ಪಾರ್ಕಿನಿಂದ ಹೊರಟರೆ ರಾತ್ರಿ ಒಂಬತ್ತರೊಳಗೆ ಶಿಬಿರ ಸೇರಬಹುದು ಎಂಬುದು ಫೋನಿನ ನಕ್ಷೆ ನೋಡಿ ನಾನು ಹಾಕಿದ್ದ ಲೆಕ್ಕ. "ಹಗಲೆಲ್ಲ ನೀರಲ್ಲಿ ಕುಣಿದ ಮಕ್ಕಳನ್ನ ರಾತ್ರಿ ಹೊತ್ತು ಕಾಡಿಗೆ ಕರ್ಕೊಂಡು ಹೋಗ್ತೀಯೇನೋ?" ಎಂದು ಕೇಳಿ ಅಮ್ಮ ಕೋಡುಬಳೆ ಹೊಸೆಯುವುದನ್ನು ಮುಂದುವರಿಸಿದರು. ನಾನು ಉತ್ತರ ಕೊಡಲಿಲ್ಲ. ಮರುದಿನ ಶಿಬಿರಕ್ಕೆ ಫೋನ್ ಮಾಡಿದಾಗ ಅಲ್ಲಿಯವರು ಅದೇ ಮಾತನ್ನು ಇನ್ನಷ್ಟು ಮೆದುವಾಗಿ ಹೇಳಿದರು: ಸಂಗಮದಿಂದ ಮುಂದಿನ ಮಣ್ಣುದಾರಿ ಕಾವೇರಿ ವನ್ಯಧಾಮದೊಳಗಿನದು, ಕತ್ತಲಾದ ಮೇಲೆ ಆನೆಗಳು ನೀರಿಗೆ ಇಳಿಯುವ ದಾರಿಯೂ ಅದೇ, ಆದ್ದರಿಂದ ಮಧ್ಯಾಹ್ನದ ಊಟದ ಹೊತ್ತಿಗೆ ಬನ್ನಿ. ಹೀಗೆ ನಮ್ಮ ಯೋಜನೆಯ ನಡುವೆ ಒಂದು ರಾತ್ರಿ ಸೇರಿಕೊಂಡಿತು. ಕನಕಪುರದಲ್ಲಿ ಚಿಕ್ಕಮ್ಮನ ಮನೆ ಇದ್ದದ್ದು ನಮ್ಮ ಪುಣ್ಯ. ಇಲ್ಲದಿದ್ದರೂ ರಾಮನಗರದಲ್ಲೋ ಕನಕಪುರದಲ್ಲೋ ಒಂದು ಕೋಣೆ ಹಿಡಿಯಲೇಬೇಕಿತ್ತು ಎಂದು ಈಗ ಅನ್ನಿಸುತ್ತದೆ.

ಹೊರಟಿದ್ದು ಸಂಕ್ರಾಂತಿಯ ಮರುದಿನ, ಗುರುವಾರ. ಮಕ್ಕಳಿಗೆ ಎರಡು ದಿನ ಶಾಲೆ ತಪ್ಪಿಸಿದ್ದು ಸರಿಯಲ್ಲವೆಂದು ಹೇಳುವವರು ಹೇಳಲಿ; ಭಾನುವಾರ ಇಂಥ ಪಾರ್ಕಿಗೆ ಹೋಗಿ, ಒಂದೊಂದು ಆಟಕ್ಕೂ ಮುಕ್ಕಾಲು ಗಂಟೆ ಬಿಸಿಲಲ್ಲಿ ನಿಂತು ಬಂದ ನೆನಪು ಇರುವವರು ನನ್ನನ್ನು ಕ್ಷಮಿಸುತ್ತಾರೆ. ಆದರೆ ವಾರದ ನಡುವೆ ಹೋದ ಲಾಭದಲ್ಲಿ ಒಂದು ಪಾಲನ್ನು ನಾವು ತಟ್ಟೆ ಇಡ್ಲಿಗೆ ಕಳೆದುಕೊಂಡೆವು. ಬೆಂಗಳೂರಿನಿಂದ ಹೋಗುವಾಗ ವಂಡರ್‌ಲಾ ಬಿಡದಿಗಿಂತ ಮೊದಲೇ ಸಿಗುತ್ತದೆ. 2023ರಲ್ಲಿ ಉದ್ಘಾಟನೆಯಾದ ಮೈಸೂರು ಹೆದ್ದಾರಿಯಂತೂ ಬಿಡದಿ ಊರನ್ನೇ ಬದಿಗೆ ಬಿಟ್ಟು ಸಾಗುತ್ತದೆ. ತಟ್ಟೆ ಇಡ್ಲಿ ಬೇಕೆಂದರೆ ಹಳೆಯ ರಸ್ತೆಗೆ ಇಳಿದು, ಊರೊಳಗೆ ಹೋಗಿ, ತಿಂದು, ಹಿಂದಕ್ಕೆ ಬರಬೇಕು. ಬೆಣ್ಣೆ ಹಾಕಿದ ಇಡ್ಲಿಯ ಮುಂದೆ ಕುಳಿತಾಗ ಗಡಿಯಾರ ನೋಡುವುದು ಯಾರಿಂದಲೂ ಆಗುವ ಕೆಲಸವಲ್ಲ. ಬಾಗಿಲು ತೆರೆದು ಅರ್ಧ ಗಂಟೆಯ ಮೇಲೆ ನಾವು ಒಳಗೆ ಹೋದೆವು. ದೊಡ್ಡ ಆಟಗಳಿಗೆ ಜನ ಸೇರುವ ಮುನ್ನ ಸಿಗುವ ಆ ಮೊದಲ ಅರ್ಧ ಗಂಟೆಯಲ್ಲಿ ಮುಗಿಯುವಷ್ಟು ಆಟ ಮಧ್ಯಾಹ್ನದ ಎರಡು ಗಂಟೆಯಲ್ಲೂ ಮುಗಿಯುವುದಿಲ್ಲ. ಇಡ್ಲಿಯನ್ನು ಮರಳುವ ದಾರಿಗೆ ಇಟ್ಟುಕೊಳ್ಳುವುದೇ ಲೇಸು. ಅದಕ್ಕೆ ಇನ್ನೊಂದು ಕಾರಣವೂ ಇದೆ, ಅದು ನನ್ನ ಹೊಟ್ಟೆಗೆ ಸಂಬಂಧಪಟ್ಟದ್ದು.

ಈ ಪಾರ್ಕ್ 2005ರಲ್ಲಿ ಆರಂಭವಾದಾಗ ನಾನಿನ್ನೂ ಕಾಲೇಜಿನಲ್ಲಿದ್ದೆ. ಗೆಳೆಯರೊಂದಿಗೆ ಬಂದು ಎಲ್ಲ ಆಟಗಳನ್ನೂ ಎರಡೆರಡು ಸಲ ಆಡಿ ಹೋದ ನೆನಪಿನ ಮೇಲೆ ಭಾರ ಹಾಕಿ, ಹನ್ನೊಂದು ವರ್ಷದ ಮಗಳ ಜೊತೆ ರೀಕಾಯ್ಲ್ ಹತ್ತಿದೆ. ಅದು ತಲೆಕೆಳಗಾಗಿ ಸುತ್ತಿ ಹೋದ ದಾರಿಯಲ್ಲೇ ಹಿಮ್ಮುಖವಾಗಿ ಮತ್ತೊಮ್ಮೆ ಸುತ್ತಿಸಿ ಕರೆತರುವ ಬಂಡಿ. ಮುಂದಕ್ಕೆ ಹೋಗುವಾಗ ಬರಲಿರುವ ತಿರುವು ಕಣ್ಣಿಗೆ ಕಾಣುತ್ತದೆ, ದೇಹ ಅದಕ್ಕೆ ಸಿದ್ಧವಾಗುತ್ತದೆ. ಹಿಂದಕ್ಕೆ ಬರುವಾಗ ಕಿವಿಯೊಳಗಿನ ಸಮತೋಲದ ಅಂಗ ಹೇಳುವುದಕ್ಕೂ ಕಣ್ಣು ಹೇಳುವುದಕ್ಕೂ ತಾಳೆಯಾಗದೆ ಹೊಟ್ಟೆ ತೊಳಸುತ್ತದೆ. ನಾನು ಹೆದರಿ ಕಣ್ಣು ಮುಚ್ಚಿಕೊಂಡೆ, ಅದೇ ತಪ್ಪು. ತಲೆಯನ್ನು ಹಿಂದಿನ ಒರಗಿಗೆ ಒತ್ತಿ, ಕಣ್ಣು ತೆರೆದು ದೂರಕ್ಕೆ ನೋಡಿದ್ದರೆ ಇಷ್ಟು ಆಗುತ್ತಿರಲಿಲ್ಲವಂತೆ; ಇದನ್ನು ಹೇಳಿದವಳು ಮಗಳು, ಇಳಿದ ಮೇಲೆ, ನಗುತ್ತಾ. ಎರಡು ತಟ್ಟೆ ಇಡ್ಲಿಯ ಮೇಲೆ ಆ ಬಂಡಿ ಹತ್ತಿದ್ದರ ಫಲವನ್ನು ವಿವರವಾಗಿ ಬರೆಯುವ ಅಗತ್ಯವಿಲ್ಲ.

ಅದಕ್ಕಿಂತ ಹೆಚ್ಚು ನೋವಾದದ್ದು ಮಗನ ವಿಷಯದಲ್ಲಿ. ಅವನಿಗೆ ಏಳು ವರ್ಷ. ವಾರದಿಂದ ಅದೇ ಆಟದ ಕನಸು ಕಾಣುತ್ತಿದ್ದ ಹುಡುಗ ನಮ್ಮ ಜೊತೆ ಸಾಲಿನಲ್ಲಿ ನಿಂತು ಕೊನೆಯ ಮೆಟ್ಟಿಲಿನವರೆಗೂ ಬಂದಿದ್ದ. ಅಲ್ಲಿ ಗೋಡೆಯ ಮೇಲಿನ ಗೆರೆ 140 ಸೆಂಟಿಮೀಟರಿಗೆ ಇತ್ತು, ಇವನ ತಲೆ ಅದಕ್ಕಿಂತ ಗೇಣಿನಷ್ಟು ಕೆಳಗಿತ್ತು. ಅಳತೆಯವರ ಜೊತೆ ವಾದಿಸುವ ತಂದೆತಾಯಿಯರನ್ನು ಅಲ್ಲಿ ನಾನು ಕಂಡೆ. ಒಬ್ಬರು ಮಗುವಿಗೆ ತುದಿಗಾಲಲ್ಲಿ ನಿಲ್ಲಲು ಕಣ್ಸನ್ನೆ ಮಾಡುತ್ತಿದ್ದರು. ಆ ಗೆರೆ ವಯಸ್ಸನ್ನು ಕೇಳುವುದಿಲ್ಲ, ಧೈರ್ಯವನ್ನೂ ಕೇಳುವುದಿಲ್ಲ. ಭುಜದ ಮೇಲಿನಿಂದ ಇಳಿಯುವ ಆ ಕಬ್ಬಿಣದ ತೋಳು ಎದೆ, ಭುಜ, ಸೊಂಟದ ಮೂಳೆಗಳನ್ನು ಹಿಡಿದು ನಿಲ್ಲಿಸುವ ಹಾಗೆ ದೊಡ್ಡವರ ಮೈಕಟ್ಟಿಗೆ ಮಾಡಿದ್ದು. ಕುಳ್ಳಗಿನ ಮಗುವಿನಲ್ಲಿ ಅದು ಮೂಳೆಯ ಬದಲು ಕತ್ತನ್ನೋ ಹೊಟ್ಟೆಯನ್ನೋ ಒತ್ತುತ್ತದೆ, ಇಲ್ಲವೇ ಮೈ ಅದರ ಕೆಳಗಿನಿಂದ ಜಾರುವಷ್ಟು ಸಂದು ಬಿಡುತ್ತದೆ. ಇದನ್ನು ಮಗನಿಗೆ ಮನೆಯಲ್ಲೇ, ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಅಳತೆ ಹಿಡಿದು, ಯಾವ ಆಟ ಅವನದು, ಯಾವುದು ಅಲ್ಲ ಎಂದು ಹೇಳಿ ಕರೆತಂದಿದ್ದರೆ ಸಾಲಿನ ತುದಿಯಲ್ಲಿ ಅಷ್ಟು ಜನರೆದುರು ಅವನು ಅಳಬೇಕಾಗುತ್ತಿರಲಿಲ್ಲ. ಒಂದು ಅಳತೆಪಟ್ಟಿಯ ಕೆಲಸ ಅದು. ಟಿಕೆಟ್ಟಿನ ದರ ಮೂರು ಸಲ ನೋಡಿದ್ದ ನನಗೆ ಅದು ಹೊಳೆದಿರಲಿಲ್ಲ.

ನೀರಿನ ಆಟಗಳ ಹತ್ತಿರ ಅವನ ಮುಖ ಅರಳಿತು. ಇಲ್ಲಿ ತಪ್ಪು ನನ್ನ ಬಟ್ಟೆಯದು. ನೈಲಾನ್ ಉಡುಪು ಬೇಕು ಎಂದು ಹೆಂಡತಿ ತನಗೂ ಮಕ್ಕಳಿಗೂ ಕೊಂಡಿದ್ದಳು, ನಾನು ಹತ್ತಿಯ ಬನಿಯನ್ ಸಾಕೆಂದಿದ್ದೆ. ಹತ್ತಿ ನೀರು ಕುಡಿದು ಭಾರವಾಗುತ್ತದೆ, ಜಾರುವ ಕೊಳವೆಯಲ್ಲಿ ತಡೆದು ಚರ್ಮ ಉಜ್ಜುತ್ತದೆ, ಅದರ ನೂಲು ನೀರು ಸೋಸುವ ಯಂತ್ರಕ್ಕೂ ಹೋಗುತ್ತದೆ. ಹಾಗಾಗಿ ಅದನ್ನು ಬಿಡುವುದಿಲ್ಲ. ಅಲ್ಲೇ ಅಂಗಡಿಯಲ್ಲಿ ಒಂದು ಕಿತ್ತಳೆ ಬಣ್ಣದ ಚಡ್ಡಿ ಕೊಂಡೆ. ಅದರ ಕಥೆ ಮುಂದೆ ಬರುತ್ತದೆ.

ಅಮ್ಮನನ್ನು ಕರೆದುಕೊಂಡು ಹೋಗುವುದು ಬೇಡ, ಅವರಿಗೆ ಅಲ್ಲೇನು ಕೆಲಸ ಎಂದು ಮೊದಲು ಅಂದುಕೊಂಡಿದ್ದೆವು. ಆ ದಿನ ನಮ್ಮನ್ನು ಕಾದದ್ದೇ ಅವರು. ಹೊರಗಿನ ತಿಂಡಿಯನ್ನು ಒಳಗೆ ಬಿಡುವುದಿಲ್ಲವಾದ್ದರಿಂದ ಕೋಡುಬಳೆಯ ಡಬ್ಬಿ ಕಾರಿನಲ್ಲೇ ಉಳಿಯಿತು, ಅಮ್ಮ ಒಂದು ಮರದ ನೆರಳಿನ ಕಟ್ಟೆ ಹಿಡಿದು ಕುಳಿತರು. ಅಲೆಗಳ ಕೊಳಕ್ಕೆ ಇಳಿದ ಮೇಲೆ ಫೋನುಗಳೆಲ್ಲ ಲಾಕರಿನಲ್ಲಿ. ಒದ್ದೆ ತಲೆಯ, ಒಂದೇ ಬಗೆಯ ಉಡುಪಿನ ನೂರಾರು ಮಕ್ಕಳ ನಡುವೆ ಕಣ್ಣು ಮಿಟುಕಿಸುವಷ್ಟರಲ್ಲಿ ಮಗ ಕಾಣಲಿಲ್ಲ. ಹೆಂಡತಿ ಒಂದು ದಿಕ್ಕಿಗೆ, ನಾನು ಒಂದು ದಿಕ್ಕಿಗೆ ಓಡಿದೆವು. ಅವನ ತೋಳಿನ ಮೇಲೆ ನಾನು ಬಾಲ್‌ಪೆನ್ನಿನಲ್ಲಿ ಬರೆದಿದ್ದ ಫೋನ್ ನಂಬರು ಮೊದಲ ಹತ್ತು ನಿಮಿಷದಲ್ಲೇ ತೊಳೆದುಹೋಗಿತ್ತು. ಅವನು ಮಾತ್ರ ನೆಟ್ಟಗೆ ಅಜ್ಜಿಯ ಕಟ್ಟೆಗೆ ಹೋಗಿ, ಸೆರಗಿನಲ್ಲಿ ತಲೆ ಒರೆಸಿಸಿಕೊಳ್ಳುತ್ತಾ ಕುಳಿತಿದ್ದ. "ಎಲ್ಲಿಗಾದ್ರೂ ಹೋಗು, ಕೊನೆಗೆ ಇಲ್ಲಿಗೆ ಬಾ ಅಂತ ನಾನೇ ಹೇಳಿದ್ದೆ" ಎಂದರು ಅಮ್ಮ. ಹಿರಿಯರು ಜೊತೆಗಿಲ್ಲದವರು, ಮಕ್ಕಳಿಗೆ ತಾವಾಗಿ ಗುರುತು ಸಿಗುವಂಥ ಒಂದು ಮರವನ್ನೋ ಕಂಬವನ್ನೋ ಬೆಳಿಗ್ಗೆಯೇ ತೋರಿಸಿ ಇಡುವುದು ಒಳ್ಳೆಯದು. ಫೋನನ್ನು ನಂಬಿ ನೀರಿಗೆ ಇಳಿಯುವಂತಿಲ್ಲ.

ಸಂಜೆ ಕನಕಪುರ ತಲುಪುವ ಹೊತ್ತಿಗೆ ಮಕ್ಕಳಿಬ್ಬರೂ ಹಿಂದಿನ ಸೀಟಿನಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ನಿದ್ದೆ ಹೋಗಿದ್ದರು. ಆ ಸ್ಥಿತಿಯಲ್ಲಿ ಅವರನ್ನು ಕಾಡಿನ ದಾರಿಯಲ್ಲಿ ಕುಲುಕಿಸಿಕೊಂಡು ಹೋಗಿ, ಡೇರೆಯ ಮುಂದೆ ಇಳಿಸಿ, ಬಿಸಿನೀರಿಲ್ಲದೆ ಕ್ಲೋರಿನ್ ವಾಸನೆಯ ಮೈಯಲ್ಲೇ ಮಲಗಿಸುವ ಯೋಚನೆ ನನಗೆ ಹೇಗಾದರೂ ಬಂದಿತ್ತೋ! ಚಿಕ್ಕಮ್ಮನ ಮನೆಯ ಹಂಡೆಯಲ್ಲಿ ನೀರು ಕುದಿಯುತ್ತಿತ್ತು. ರಾಗಿಮುದ್ದೆ, ಹಿತಕಿದ ಬೇಳೆ ಸಾರು ಉಂಡು ಎಂಟೂವರೆಗೆ ಎಲ್ಲರೂ ಹಾಸಿಗೆ ಸೇರಿದರು. ಒದ್ದೆಬಟ್ಟೆಯ ಗಂಟನ್ನು ಮಹಡಿಯ ಮೇಲೆ ಹರವಲು ಹೊರಟ ನನ್ನನ್ನು ಚಿಕ್ಕಮ್ಮ ತಡೆದರು. ಜನವರಿಯ ಇಬ್ಬನಿಯಲ್ಲಿ ಬಟ್ಟೆ ಬೆಳಗಾಗುವಷ್ಟರಲ್ಲಿ ಇನ್ನೂ ಒದ್ದೆಯಾಗುತ್ತದೆಂದು ಹೇಳಿ, ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿಸಿದರು. ಎರಡು ಬಗೆಯ ಪ್ರವಾಸಕ್ಕೆ ಎರಡು ಚೀಲ ಬೇಕೆಂಬುದು ಅಲ್ಲಿ ಕುಳಿತು ಸಾಮಾನು ಬೇರ್ಪಡಿಸುವಾಗ ತಿಳಿಯಿತು: ಬಣ್ಣಬಣ್ಣದ ನೈಲಾನು, ಚಪ್ಪಲಿ, ಟವೆಲ್ಲುಗಳ ಚೀಲ ಅಲ್ಲಿಗೆ ಮುಗಿಯಿತು, ಮಾಸಲು ಬಣ್ಣದ ತುಂಬುತೋಳಿನ ಅಂಗಿ, ಮುಚ್ಚಿದ ಷೂ, ಒಬ್ಬೊಬ್ಬರಿಗೆ ಒಂದೊಂದು ಟಾರ್ಚು, ಸೊಳ್ಳೆಯ ಮುಲಾಮು, ಅಮ್ಮನ ಮಾತ್ರೆ, ಶಾಲು ಇರುವ ಚೀಲ ಮಾತ್ರ ಕಾಡಿಗೆ ಹೊರಟಿತು.

ಮರುದಿನ ದೊಡ್ಡಾಲಹಳ್ಳಿಯ ಮೇಲೆ ಸಂಗಮಕ್ಕೆ ಇಳಿದೆವು. ಅರ್ಕಾವತಿ ಕಾವೇರಿಯನ್ನು ಸೇರುವ ಆ ಜಾಗದಲ್ಲಿ ಮಕ್ಕಳು ನೀರು ಕಂಡೊಡನೆ ಷೂ ಬಿಚ್ಚತೊಡಗಿದರು. ಹಿಂದಿನ ದಿನವೆಲ್ಲ ನೀರಿನಲ್ಲಿ ಆಡಿ ಬಂದ ಮಕ್ಕಳಿಗೆ ಹೊಳೆಯೂ ಇನ್ನೊಂದು ಕೊಳವೇ ಎಂದು ಅನ್ನಿಸುವುದು ಸಹಜ. ಈ ಎರಡು ಪ್ರವಾಸಗಳನ್ನು ಒಟ್ಟಿಗೆ ಮಾಡುವವರು ಎಲ್ಲಕ್ಕಿಂತ ಹೆಚ್ಚು ಎಚ್ಚರವಾಗಿರಬೇಕಾದದ್ದು ಇಲ್ಲೇ ಎಂದು ನಾನು ತಿಳಿದಿದ್ದೇನೆ. ಅಲ್ಲಿ ಕೊಳದ ಆಳ ಎಷ್ಟೆಂದು ಬರೆದಿರುತ್ತದೆ, ಸೀಟಿ ಊದುವವನು ನಿಂತಿರುತ್ತಾನೆ; ಇಲ್ಲಿ ಬಂಡೆಯ ಮಗ್ಗುಲಲ್ಲೇ ಮಡು, ಮಡುವಿನಲ್ಲಿ ಸುಳಿ. ಸಂಗಮ, ಮೇಕೆದಾಟು, ಮುತ್ತತ್ತಿಗಳಲ್ಲಿ ಈಜು ಬಲ್ಲವರೇ ಮುಳುಗಿದ ಸುದ್ದಿಯನ್ನು ನಾವು ಓದುತ್ತಲೇ ಬಂದಿದ್ದೇವೆ. ಷೂ ಬಿಚ್ಚಲು ಬಿಡಲಿಲ್ಲ. ಮಗಳು ಅರ್ಧ ಗಂಟೆ ಮುನಿಸಿಕೊಂಡಳು.

ಶಿಬಿರದಲ್ಲಿ ಮೊದಲ ಒಂದು ಗಂಟೆ ಯಾರಿಗೂ ಏನು ಮಾಡಬೇಕೆಂದು ತಿಳಿಯಲಿಲ್ಲ. ಫೋನಿಗೆ ಸಿಗ್ನಲ್ ಇಲ್ಲ. ಹೊಳೆಮತ್ತಿ ಮರಗಳ ಕೆಳಗೆ ಡೇರೆ, ಡೇರೆಯ ಮುಂದೆ ಹೊಳೆ, ಹೊಳೆಯ ಸದ್ದು. ಹಿಂದಿನ ದಿನ ಒಂದು ಆಟದಿಂದ ಇನ್ನೊಂದು ಆಟಕ್ಕೆ ಓಡಿದ್ದ ಮಕ್ಕಳು "ಈಗೇನು?" ಎಂದು ನಾಲ್ಕು ಸಲ ಕೇಳಿದರು. ಪಾರ್ಕಿನಿಂದ ನೇರ ಬಂದಿದ್ದರೆ ಈ ಪ್ರಶ್ನೆ ಮುಗಿಯುತ್ತಲೇ ಇರಲಿಲ್ಲವೇನೋ. ಐದನೆಯ ಸಲ ಕೇಳುವ ಮೊದಲೇ ಶಿಬಿರದ ಹುಡುಗನೊಬ್ಬ ಮರದ ತುದಿಗೆ ಕೈ ತೋರಿಸಿದ. ಬೂದುಮೈಯ, ಬೆಕ್ಕಿನಷ್ಟು ಉದ್ದದ ಅಳಿಲೊಂದು ಕೊಂಬೆಯ ಮೇಲೆ ಹೊಟ್ಟೆ ಊರಿ ಮಲಗಿತ್ತು. ದಕ್ಷಿಣ ಭಾರತ ಮತ್ತು ಶ್ರೀಲಂಕಾ ಬಿಟ್ಟರೆ ಬೇರೆಲ್ಲೂ ಇಲ್ಲದ, ಕರ್ನಾಟಕದಲ್ಲಿ ಈ ಕಾವೇರಿ ಕಣಿವೆಯ ಹೊಳೆಮತ್ತಿಗಳನ್ನೇ ನಂಬಿರುವ ಜೀವಿ ಅದು ಎಂದು ಅವನು ವಿವರಿಸಿದ. ಅದು ಮೈ ತಿರುಗಿಸುವುದನ್ನು ನೋಡಲು ಇಬ್ಬರೂ ಇಪ್ಪತ್ತು ನಿಮಿಷ ಕತ್ತೆತ್ತಿ ನಿಂತರು. ಅಷ್ಟು ಹೊತ್ತು ಮಾತಿಲ್ಲದೆ ನಿಂತದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಅಷ್ಟರಲ್ಲಿ ಡೇರೆಯ ಕಡೆಯಿಂದ ಡಬ್ಬಿ ಬಿದ್ದ ಸದ್ದು. ತಿಂಡಿಯನ್ನು ಡೇರೆಯಲ್ಲಿ ಇಡಬೇಡಿ, ಅಡುಗೆಮನೆಗೆ ಕೊಡಿ ಎಂದು ಬಂದ ಕೂಡಲೇ ಹೇಳಿದ್ದರು. ನಾನು ತಲೆಯಾಡಿಸಿ ಮರೆತಿದ್ದೆ. ಮಗ ಜಿಪ್ಪನ್ನು ಗೇಣುದ್ದ ತೆರೆದು ಬಿಟ್ಟಿದ್ದ. ಪಾರ್ಕಿನೊಳಗೆ ಕಾಲಿಡಲಾಗದೆ ಕಾರಿನಲ್ಲಿ ಕಾದಿದ್ದ ಕೋಡುಬಳೆ ಕೋತಿಗಳ ಪಾಲಾಯಿತು. "ಅವಕ್ಕೂ ಹಬ್ಬ" ಎಂದು ಅಮ್ಮ ಉಳಿದ ಚೂರುಗಳನ್ನು ಗುಡಿಸಿ ತೆಗೆದರು, ಇಲ್ಲದಿದ್ದರೆ ರಾತ್ರಿಗೆ ಇರುವೆ ಸಾಲುಗಟ್ಟುತ್ತಿದ್ದವು. ಜಿಪ್ಪಿನ ಎರಡು ತುದಿಗಳನ್ನು ಸೇರಿಸಿ ಒಂದು ದಾರದಿಂದ ಕಟ್ಟುವುದನ್ನು ಶಿಬಿರದ ಹುಡುಗ ಮಗನಿಗೆ ಕಲಿಸಿದ. ಬೆಳಿಗ್ಗೆ ಷೂ ಹಾಕುವ ಮೊದಲು ಬೋರಲು ಹಾಕಿ ಕೊಡವುವುದನ್ನೂ.

ಮರುದಿನ ಎಳೆಬಿಸಿಲಿನಲ್ಲಿ ಹರಿಗೋಲು. ಲೈಫ್ ಜಾಕೆಟ್ಟನ್ನು ದಂಡೆಯಲ್ಲೇ ಕಟ್ಟಿಸಿ, ಭಾರ ಒಂದೇ ಕಡೆ ಬೀಳದಂತೆ ನಮ್ಮನ್ನು ಸುತ್ತಲೂ ಕೂರಿಸಿ, ಅಂಬಿಗರು ಹುಟ್ಟು ಹಾಕಿದರು. ಅಮ್ಮ ಹತ್ತುವಾಗ ಇಬ್ಬರು ಹಿಡಿದುಕೊಳ್ಳಬೇಕಾಯಿತು. ಮಂಡಿನೋವು ಇರುವ ಹಿರಿಯರಿದ್ದರೆ ಡೇರೆಯಿಂದ ದಂಡೆಗೆ ಎಷ್ಟು ಮೆಟ್ಟಿಲು, ಶೌಚಾಲಯ ಡೇರೆಗೆ ಹೊಂದಿಕೊಂಡಿದೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು. ನಡುಬಂಡೆಯ ಮೇಲೆ ಮೊಸಳೆಯೊಂದು ಬಾಯಿ ತೆರೆದು ಬಿದ್ದಿತ್ತು. ತಣ್ಣನೆಯ ರಾತ್ರಿ ಕಳೆದ ಮೇಲೆ ಬಿಸಿಲಲ್ಲದೆ ಅದರ ಮೈ ಕಾಯುವುದಿಲ್ಲವಾದ್ದರಿಂದ ಚಳಿಗಾಲದ ಬೆಳಗು ಅದನ್ನು ನೋಡಲು ಒಳ್ಳೆಯ ಹೊತ್ತಂತೆ. ಮಗಳು ತನ್ನ ಷೂಗಳನ್ನು ಒಮ್ಮೆ ನೋಡಿಕೊಂಡು, ಸಂಗಮದ ಮುನಿಸನ್ನು ಅಲ್ಲಿಗೆ ಬಿಟ್ಟಳು. ಹಿಂದಿನ ಸಂಜೆ ಮಗ ಗುರುತಿಟ್ಟಿದ್ದ ಒಂದು ಕಲ್ಲು ಬೆಳಿಗ್ಗೆ ನೀರಿನಡಿ ಹೋಗಿತ್ತು. ಮಳೆಯಿಲ್ಲದೆ ಹೊಳೆ ಹೇಗೆ ಏರಿತೆಂದು ಕೇಳಿದ. ಮೇಲೆ ಕಟ್ಟೆಯಿಂದ ನೀರು ಬಿಟ್ಟರೂ, 1902ರಿಂದ ವಿದ್ಯುತ್ ತಯಾರಿಸುತ್ತಿರುವ ಶಿವನಸಮುದ್ರದ ಕಡೆಯಿಂದ ಹೆಚ್ಚು ನೀರು ಬಂದರೂ ಇಲ್ಲಿ ಬಿಸಿಲಿದ್ದಂತೆಯೇ ಹೊಳೆ ಏರುತ್ತದೆ ಎಂದು ಅಂಬಿಗರು ಹೇಳಿದರು. "ಅದಕ್ಕೇ ಪುಟ್ಟಾ, ನಮ್ಮನ್ನ ಕೇಳ್ದೆ ಕಾಲಿಡಬಾರ್ದು." ನಾನು ಅರ್ಧ ಗಂಟೆ ಹೇಳಿದ್ದು ಅವನಿಗೆ ಆ ಒಂದು ಮಾತಿನಲ್ಲಿ ನಾಟಿತು.

ಮರಳುವಾಗ ಕನಕಪುರದಲ್ಲಿ ನಿಲ್ಲುವ ಯೋಚನೆ ಇರಲಿಲ್ಲ. ಸಂಗಮ ದಾಟಿ ಸಿಗ್ನಲ್ ಬಂದೊಡನೆ ಚಿಕ್ಕಮ್ಮನ ಫೋನ್ ಬಂತು: ಬಚ್ಚಲ ಹಗ್ಗದ ಮೇಲೆ ಕಿತ್ತಳೆ ಬಣ್ಣದ ಚಡ್ಡಿಯೊಂದು ಉಳಿದಿದೆ, ಯಾರದು? ಹೋಗಿ ನೋಡಿದರೆ ಅದನ್ನು ಮಡಿಸಿ ಒಂದು ಚೀಲದಲ್ಲಿಟ್ಟು, ಅದರ ಮೇಲೆ ಮೂರು ಕಿಲೋ ಅವರೆಕಾಯಿ ತುಂಬಿದ್ದರು. ಮನೆ ತಲುಪುವವರೆಗೂ ಅಮ್ಮ ಮತ್ತು ಮಕ್ಕಳು ಹಿಂದಿನ ಸೀಟಿನಲ್ಲಿ ಅದನ್ನು ಸುಲಿಯುತ್ತಾ ಬಂದರು, ಕಾರಿನ ತುಂಬ ಸೊಗಡು.