ಗೊಬ್ಬರದ ಕೋಣೆ: ಕ್ಯಾಲ್ಸಿಯಂ ನೈಟ್ರೇಟ್ ಕೊನೆಗೂ ಒಣಗಿ ಕುಳಿತಿದೆ

ಮೂಟೆಗಳನ್ನು ನೆಲದಿಂದ ಎತ್ತರಿಸುವುದು, ಗೋಡೆಗೆ ತಾಗದಂತೆ ಜೋಡಿಸುವುದು, ಹಳೆಯದನ್ನು ಮೊದಲು ಬಳಸುವುದು ಎಲ್ಲರಿಗೂ ತಿಳಿದ ವಿಷಯಗಳಾದ್ದರಿಂದ ಅವನ್ನು ಬಿಟ್ಟು, ಈ ಬಾರಿ ಒಂದೇ ಚೀಲದ ಕುರಿತು ಬರೆಯುತ್ತಿದ್ದೇನೆ. ಪಕ್ಕದ ಪೊಟ್ಯಾಶ್ ಗರಿಗರಿಯಾಗಿ ಉದುರುತ್ತಿದ್ದ ಕೋಣೆಯಲ್ಲೇ ಕ್ಯಾಲ್ಸಿಯಂ ನೈಟ್ರೇಟ್ ಮಾತ್ರ ಬೆಲ್ಲದ ಪಾಕದಂತೆ ಹರಿಯುತ್ತಿತ್ತು.

ಛಾವಣಿ ಸೋರುತ್ತಿರಲಿಲ್ಲ, ನೀರು ಬರುತ್ತಿದ್ದದ್ದು ಗಾಳಿಯಿಂದ. ಇಂಥ ಪ್ರತಿಯೊಂದು ಗೊಬ್ಬರವೂ ನಿರ್ದಿಷ್ಟ ಆರ್ದ್ರತೆಯನ್ನು ಮೀರಿದೊಡನೆ ಗಾಳಿಯ ತೇವವನ್ನು ಹೀರತೊಡಗುತ್ತದೆ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಈ ಮಿತಿ ಪೊಟ್ಯಾಶಿಗೆ ಸುಮಾರು 84 ಶೇಕಡಾ, ಯೂರಿಯಾಕ್ಕೆ 70ಕ್ಕಿಂತ ತುಸು ಹೆಚ್ಚು, ಕ್ಯಾಲ್ಸಿಯಂ ನೈಟ್ರೇಟಿಗೆ ಕೇವಲ 47ರ ಆಸುಪಾಸು. ಯೂರಿಯಾ ಮತ್ತು ಅಮೋನಿಯಂ ನೈಟ್ರೇಟ್ ಬೆರೆತರೆ ಅದು ಸುಮಾರು 18ಕ್ಕೆ ಕುಸಿಯುವುದರಿಂದ, ಆ ಎರಡನ್ನೂ ಒಂದೇ ಸಲಿಕೆಯಿಂದ ಮುಟ್ಟುವುದೂ ಬೇಡ. ಹೀಗಿರುವಾಗ ‘ಗಾಳಿಯಾಡಲು ಬಿಡಿ’ ಎಂಬ ಸಲಹೆ ಅರ್ಧಸತ್ಯ: ಮಳೆಯ ದಿನ ಕಿಟಕಿ ತೆರೆಯುವುದೆಂದರೆ ನೀರನ್ನು ಆದರದಿಂದ ಒಳಗೆ ಕರೆದಂತೆ.

ಮಾರಾಟಗಾರರು ಕಳಿಸಿದ ಚೀಲದ ಒಳಪದರವನ್ನು ಬೆಳಕಿಗೆ ಹಿಡಿದಾಗ, ಹೊಲಿಗೆಯ ಸೂಜಿ ಅದನ್ನೂ ಸೇರಿಸಿ ಚುಚ್ಚಿದ್ದು ಕಂಡಿತು. ದೂರಿಗೆ ಬಂದ ಉತ್ತರ, ‘ಎಲ್ಲ ಚೀಲಗಳೂ ಹಾಗೆಯೇ ಇವೆ’ ಎಂಬ ಸಮಾಧಾನ! ‘ಗಾಳಿ ನುಗ್ಗದ’ ಡ್ರಮ್ ಕೂಡ ರಬ್ಬರ್ ಬಳೆಯಿಲ್ಲದೆಯೇ ಬಂದಿತ್ತು. ಬಳೆಯನ್ನು ಬೇರೆಡೆಯಿಂದ ತಂದು ಕೂರಿಸಿ, ಒಣಗಿದ್ದ ಇನ್ನೊಂದು ಚೀಲದ ಹರಳುಗಳನ್ನು ತುಂಬಿ, ಒಳಗೆ ಪುಟ್ಟ ಆರ್ದ್ರತಾ ಮಾಪಕವನ್ನೂ ತೇವ ಹೀರುವ ಸಿಲಿಕಾ ಜೆಲ್‌ನ ಪೊಟ್ಟಣವನ್ನೂ ಇಟ್ಟ ಮೇಲೆ ಮಾಪಕ 40ರ ಕೆಳಗೇ ನಿಂತಿದೆ. ನೆಲಕ್ಕೆ ಚೆಲ್ಲಿದ ಪಾಕವನ್ನು ಮರದ ಹೊಟ್ಟಿನಿಂದ ಹೀರಿಸುವ ಸಲಹೆಯನ್ನು ಯಾರೂ ಪಾಲಿಸಬೇಡಿ. ನೈಟ್ರೇಟ್ ಉರಿಗೆ ಆಮ್ಲಜನಕ ಒದಗಿಸುವ ವಸ್ತು, ಹೊಟ್ಟು ಅದಕ್ಕೆ ಸಿದ್ಧವಾದ ಇಂಧನ. ಒಣ ಮರಳು ಸಾಕು. ಡೀಸೆಲ್ ಕ್ಯಾನ್ ಕೂಡ ಇದೇ ಕಾರಣಕ್ಕೆ ಕೋಣೆಯಿಂದ ಹೊರಬಿದ್ದಿದೆ.

ಡ್ರಮ್ಮಿನ ಮುಚ್ಚಳ ತಿರುಗಿಸುತ್ತಿದ್ದಾಗಲೇ ಮುಂದಿನ ಯೋಜನೆ ತಲೆಗೆ ಹೊಕ್ಕಿತು: ಕೋಣೆಯ ಒಳಗೊಂದು, ಹೊರಗೊಂದು ಆರ್ದ್ರತಾ ಸಂವೇದಕ, ನಡುವೆ ಫ್ಯಾನ್. ತಾಪ ಬದಲಾದಂತೆ ಸಾಪೇಕ್ಷ ಆರ್ದ್ರತೆ (ಮಾಪಕ ತೋರಿಸುವ ಶೇಕಡಾ) ಮೋಸಮಾಡುವುದರಿಂದ ಎರಡೂ ಕಡೆಯ ಇಬ್ಬನಿ ಬಿಂದುವನ್ನು, ಅಂದರೆ ಗಾಳಿಯ ತೇವ ಹನಿಗಟ್ಟತೊಡಗುವ ತಾಪವನ್ನು, ಹೋಲಿಸಿ, ಹೊರಗಿನದು ಕಡಿಮೆಯಿದ್ದಾಗ ಮಾತ್ರ ಫ್ಯಾನ್ ತಿರುಗಬೇಕು. ಗೊಬ್ಬರದ ದೂಳು ತಾಮ್ರವನ್ನು ತಿನ್ನುತ್ತದೆ. ಆದ್ದರಿಂದ ಫ್ಯಾನನ್ನು ಚಾಲೂ-ಬಂದ್ ಮಾಡುವ ರಿಲೇ ಮತ್ತು ತಂತಿಯ ಜೋಡಣೆಗಳೆಲ್ಲ ಗೋಡೆಯ ಆಚೆ, ಮುಚ್ಚಿದ ಪೆಟ್ಟಿಗೆಯಲ್ಲಿ ಇರಲಿವೆ.