ಫ್ರಾನ್ಸಿನ ಅತಿ ಉದ್ದದ ಗಡಿ

ಪಬ್ ಕ್ವಿಜ್‌ನಲ್ಲಿ ಕೇಳುವ ಪ್ರಶ್ನೆಗಳಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಇದು: ಫ್ರಾನ್ಸಿಗೆ ಅತಿ ಉದ್ದದ ಭೂಗಡಿ ಇರುವುದು ಯಾವ ದೇಶದ ಜೊತೆ?

ಎಲ್ಲರೂ ಸ್ಪೇನ್, ಜರ್ಮನಿ, ಇಟಲಿ ಅಂತ ಶುರು ಮಾಡುತ್ತಾರೆ. ಉತ್ತರ ಬ್ರೆಜಿಲ್! ದಕ್ಷಿಣ ಅಮೆರಿಕದಲ್ಲಿರುವ ಫ್ರೆಂಚ್ ಗಯಾನಾ 1946ರಿಂದ ವಸಾಹತಲ್ಲ, ಫ್ರಾನ್ಸಿನದೇ ಒಂದು ಭಾಗ. ಅಲ್ಲಿ ನಡೆಯುವುದೂ ಯೂರೋನೇ. ಬ್ರೆಜಿಲ್ ಜೊತೆಗಿನ ಗಡಿ ಸುಮಾರು 730 ಕಿ.ಮೀ., ಸ್ಪೇನ್ ಜೊತೆಗಿನದು 620ರ ಆಸುಪಾಸು.

ರಾಜಧಾನಿ, ಕರೆನ್ಸಿ ಕೇಳುವ ಪ್ರಶ್ನೆಗಳು ಗೊತ್ತಿದ್ದರೆ ಗೊತ್ತು, ಇಲ್ಲದಿದ್ದರೆ ಇಲ್ಲ. ಇದು ಹಾಗಲ್ಲ. ನಮ್ಮ ಇಸ್ರೋ ಉಪಗ್ರಹಗಳ ಸುದ್ದಿ ಓದಿದವರು ಯೋಚಿಸಿ ಹಿಡಿಯಬಹುದು. ಎಷ್ಟೋ ಉಪಗ್ರಹಗಳು ಹಾರಿದ್ದು ಫ್ರೆಂಚ್ ಗಯಾನಾದ ಕೌರುವಿನಿಂದಲೇ ಅಲ್ವಾ? ಸಮಭಾಜಕ ವೃತ್ತಕ್ಕೆ ಬಹಳ ಹತ್ತಿರದ ಜಾಗ ಅದು. ಅಲ್ಲಿ ಭೂಮಿ ತಿರುಗುವ ವೇಗವೇ ರಾಕೆಟ್‌ಗೆ ಒಳ್ಳೆಯ ತಳ್ಳು ಕೊಡುತ್ತದೆ. ಪೂರ್ವಕ್ಕೆ ಬರೀ ಸಮುದ್ರ, ಜನವಸತಿಯ ಭಯವಿಲ್ಲ.

1981ರ ಜೂನ್ 19ರಂದು ಭಾರತದ 'ಆ್ಯಪಲ್' ಉಪಗ್ರಹ ಹೊರಟದ್ದೂ ಅಲ್ಲಿಂದಲೇ, ಏರಿಯಾನ್ ರಾಕೆಟ್‌ನಲ್ಲಿ. ಎತ್ತಿನ ಗಾಡಿಯ ಮೇಲೆ ಕೂತ ಉಪಗ್ರಹದ ಆ ಹಳೆಯ ಫೋಟೋ ನೆನಪಿದೆಯಾ? ಅದು ಇದೇ ಆ್ಯಪಲ್. ಲೋಹದ ಗಾಡಿ ಆ್ಯಂಟೆನಾ ಪರೀಕ್ಷೆಗೆ ಅಡ್ಡಿಯಾಗುತ್ತದೆಂದು ಮರದ ಗಾಡಿ ತಂದಿದ್ದರು. ಅದನ್ನು ಬಡತನದ ಚಿತ್ರ ಅಂದುಕೊಳ್ಳುವವರು ಈಗಲೂ ಇದ್ದಾರೆ. ನನಗಂತೂ ಅದು ಎಂಜಿನಿಯರ್‌ಗಳ ಜಾಣತನ. ನೋಡಿದಾಗೆಲ್ಲ ಹೆಮ್ಮೆಯಾಗುತ್ತದೆ.

ಇಂಥ ಪ್ರಶ್ನೆ ನಿಮ್ಮ ಹತ್ತಿರ ಇದ್ದರೆ ಕೆಳಗೆ ಬರೆಯಿರಿ. ಉತ್ತರ ಮಾತ್ರ ತಕ್ಷಣ ಹೇಳಬೇಡಿ, ಯೋಚಿಸಲು ಬಿಡಿ.