ಹೋಗದ ಸಂದೇಶಗಳು, ಬೇಡವೆಂದರೂ ಹೋದ 32

ಗೋಣಿಕೊಪ್ಪಲಿನ ಮನೆಯಲ್ಲಿ ಕುಳಿತು ಕಾಫಿ ತೋಟಗಳ ಲೆಕ್ಕದ ತಂತ್ರಾಂಶ ಬರೆಯುವುದು ನನ್ನ ಕೆಲಸ. ಕೊಯ್ಲಿನ ಕಾಲದಲ್ಲಿ ಆಯಾ ದಿನದ ತೂಕ ಸಂಜೆ ಎಸ್ಸೆಮ್ಮೆಸ್ ಆಗಿ ತೋಟದವರಿಗೆ ಹೋಗಬೇಕು. ನೂರಕ್ಕೂ ಹೆಚ್ಚು ಮೊಬೈಲ್ ಸಂಖ್ಯೆಗಳು, ಪ್ರೋಗ್ರಾಮಿಂಗ್ ಭಾಷೆ ಕ್ಲೋಜರ್. ಪಟ್ಟಿಯ ಮೇಲೆ ‘ಮ್ಯಾಪ್’ ಹಾಕಿ, ಪ್ರತಿಯೊಂದಕ್ಕೂ ಸಂದೇಶ ಕಳಿಸು ಎಂದು ಒಂದೇ ಸಾಲು ಬರೆದೆ. ಬರೆದ ಸಾಲನ್ನು ಕೂಡಲೇ ಓಡಿಸಿ ಉತ್ತರ ತೋರಿಸುವ ರೆಪಲ್‌ನಲ್ಲಿ ನನ್ನ ಎರಡು ಸಂಖ್ಯೆ ಕೊಟ್ಟು ನೋಡಿದೆ. ಎರಡೂ ಫೋನ್ ಟಿಂಗ್ ಎಂದವು.

ಸಂಜೆ ಯಾರಿಗೂ ಏನೂ ಬರಲಿಲ್ಲ. ದೋಷದ ಸೂಚನೆಯೂ ಇಲ್ಲ. ಮೊದಲು ಟವರನ್ನು ಬೈದೆ. ಕೊಡಗಿನಲ್ಲಿ ಅದು ವಾಡಿಕೆ. ಒಂದು ತೋಟದ ರೈಟರ್, ಅಂದರೆ ಲೆಕ್ಕ ಬರೆಯುವವರು, ಫೋನ್ ಮಾಡಿ, “ಇವತ್ತಿನ ಕೊಯ್ಲು ಲೆಕ್ಕಕ್ಕಿಲ್ಲವೇ ಸರ್?” ಎಂದರು.

‘ಮ್ಯಾಪ್’ ಕೊಡುವುದು ಲೇಜಿ ಸರಣಿ. ಅದು ಕೆಲಸವಲ್ಲ, ಕೆಲಸದ ಚೀಟಿ. ಒಳಗಿನ ಅಂಶವನ್ನು ಯಾರಾದರೂ ಕೇಳುವವರೆಗೆ ಅದು ಮಿಸುಕುವುದಿಲ್ಲ. ರೆಪಲ್ ಉತ್ತರವನ್ನು ತೆರೆಯ ಮೇಲೆ ಅಚ್ಚು ಹಾಕಲು ಎಲ್ಲ ಅಂಶಗಳನ್ನೂ ಕೇಳುತ್ತದೆ. ಹಾಗಾಗಿ ಬೆಳಿಗ್ಗೆ ಸಂದೇಶ ಹೋಗಿತ್ತು. ಸಂಜೆ ಆ ಸರಣಿಯನ್ನು ಕೇಳುವವರೇ ಇರಲಿಲ್ಲ.

ಅರ್ಧ ತಿಳಿದವನ ಧೈರ್ಯ ದೊಡ್ಡದು. ಪಟ್ಟಿಯ ಮೊದಲಿಗೆ ನನ್ನ ಸಂಖ್ಯೆ ಸೇರಿಸಿ, ಸರಣಿಯ ಮೊದಲ ಅಂಶವನ್ನಷ್ಟೇ ಕೇಳಿದೆ. ಒಂದು ಹೋಗಬೇಕಿತ್ತು, 32 ಹೋದವು. ಆ ಪಟ್ಟಿ ವೆಕ್ಟರ್ ಎಂಬ ಬಗೆಯದು. ವೆಕ್ಟರಿನ ಮೇಲೆ ಓಡುವ ‘ಮ್ಯಾಪ್’ ಒಂದೊಂದಾಗಿ ಅಲ್ಲ, 32ರ ಕಂತಿನಲ್ಲಿ ಲೆಕ್ಕ ಮಾಡುತ್ತದೆ. “ಪರೀಕ್ಷೆ 1” ಎಂಬ ನನ್ನ ಸಂದೇಶ ಓದಿದ ಬೆಳೆಗಾರರೊಬ್ಬರು, “ಯಾವ ಪರೀಕ್ಷೆ? ಮಗಳದು ಮುಗಿಯಿತಲ್ಲ” ಎಂದು ಕೇಳಿದರು.

ಸಂದೇಶ ಕಳಿಸುವುದು, ಕಡತಕ್ಕೆ ಬರೆಯುವುದು, ಇಂಥದ್ದನ್ನು ಲೇಜಿ ಸರಣಿಯೊಳಗೆ ಇಡಲೇಬಾರದು. ಅದಕ್ಕೆಂದೇ ಕ್ಲೋಜರ್ 1.7ರಲ್ಲಿ, 2015ರಲ್ಲಿ, ಪ್ರತಿಯೊಂದು ಅಂಶಕ್ಕೂ ಕೆಲಸವನ್ನು ಆಗಲೇ ಮಾಡಿಸುವ ‘ರನ್!’ ಬಂದಿದೆ. ನಾನು ತಿದ್ದಿದ್ದು ಆ ಒಂದೇ ಪದ.

ಹಾಗೆಂದು ಲೇಜಿ ಸರಣಿಯನ್ನು ಬಿಟ್ಟಿಲ್ಲ. ಅದೇ ತೋಟದ ಮಳೆ ಪುಸ್ತಕವನ್ನು ದಿನಕ್ಕೊಂದು ಸಾಲಿನಂತೆ ಕಡತಕ್ಕೆ ಇಳಿಸಿದ್ದರು, ಇಂಚು ಮತ್ತು ಸೆಂಟ್ಸ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ. ಜನವರಿಯಿಂದೀಚೆಗೆ ಒಂದು ಇಂಚು ಮೀರಿದ ಮೊದಲ ದಿನ, ಅಂದರೆ ಕಾಫಿ ಗಿಡದಲ್ಲಿ ಹೂ ಅರಳಿಸುವ ಹೂಮಳೆಯ ದಿನ ಬೇಕಿತ್ತು. ಕಡತದ ಸಾಲುಗಳ ಸರಣಿಗೆ 32ರ ಕಂತಿಲ್ಲ. ಮಾರ್ಚ್‌ನ ಒಂದು ಸಾಲಿನಲ್ಲಿ ಉತ್ತರ ಸಿಕ್ಕಿತು, ಕೆಳಗಿನ ಸಾಲುಗಳನ್ನು ಅದು ಬಿಡಿಸಲೇ ಇಲ್ಲ. ವರ್ಷದ ಒಟ್ಟು ಮಳೆ ಕೇಳಿದಾಗ ಮಾತ್ರ ಜುಲೈ ತಿಂಗಳ ಒಂದು ಸಾಲಿಗೆ ಬಂದು ಮುಗ್ಗರಿಸಿತು. ಅಂಕಿ ಇರಬೇಕಾದಲ್ಲಿ ರೈಟರ್ ಬರೆದಿದ್ದರು: “ಆನೆ ನಿಂತಿತ್ತು, ಅಳೆಯಲಿಲ್ಲ.”